ಹುಣಸೆ, ಹುಳಿ, ಸಾಂಬಾರು: ಒಂದು ಐತಿಹ್ಯದ ವಿಮರ್ಶೆ

ದಕ್ಷಿಣ ಭಾರತದ ಭೋಜನವನ್ನು ಕುರಿತು ಬರೆಯುವವರಲ್ಲಿ ಈಚೆಗೆ ಒಂದು ಕಥೆ ಬಹಳ ಪ್ರಚಾರಕ್ಕೆ ಬಂದಿದೆ. ತಂಜಾವೂರಿನ ಮರಾಠಾ ದೊರೆ ಶಾಹುಜಿಗೆ ಮುರುಗಲಿನ ಹುಳಿ ಹಾಕಿದ ಆಮಟಿಯೆಂದರೆ ಬಲು ಪ್ರೀತಿಯಂತೆ. ಮರಾಠಿಯಲ್ಲಿ ಕೋಕಮ್ ಎನ್ನಿಸಿಕೊಳ್ಳುವ ಆ ಮುರುಗಲು ದೂರದ ಸ್ವದೇಶದಿಂದ ಬರಬೇಕು. ಒಂದು ದಿನ ಅದು ಅರಮನೆಯ ಉಗ್ರಾಣದಲ್ಲಿ ತೀರಿಹೋಯಿತಂತೆ. ಆಗ ಯಾರೋ ಒಬ್ಬರು, ಈ ಸೀಮೆಯವರು ಹುಳಿಗೆ ಹುಣಸೆಯ ಹಣ್ಣನ್ನು ಬಳಸುತ್ತಾರೆಂದು ಸೂಚಿಸಿದರು, ಹಾಗೆಯೇ ಅಡಿಗೆಯಾಯಿತು. ಅಂದು ಪಂಕ್ತಿಯಲ್ಲಿ ಅತಿಥಿಯಾಗಿದ್ದವನು ಶಿವಾಜಿಯ ಮಗ ಸಂಭಾಜಿ. ಅವನ ಗೌರವಾರ್ಥವಾಗಿ ಆ ಹೊಸ ವ್ಯಂಜನಕ್ಕೆ 'ಸಾಂಬಾರು' ಎಂದು ಹೆಸರಾಯಿತು. ಕೆಲವರ ಪಾಠದಲ್ಲಿ ಹೆಸರುಬೇಳೆಯ ಸ್ಥಾನಕ್ಕೆ ತೊಗರಿಬೇಳೆ ಬಂದದ್ದೂ ಅಂದೇ.

ಕಥೆ ಸೊಗಸಾಗಿದೆ. ಅದರಲ್ಲಿ ದೊರೆಯಿದ್ದಾನೆ, ಅತಿಥಿಯಿದ್ದಾನೆ, ಸಣ್ಣದೊಂದು ವಿಪತ್ತೂ ಅದರ ಪರಿಹಾರವೂ ಇವೆ. ಅದನ್ನು ಕೇವಲ ವಿನೋದಕ್ಕಾಗಿ ಹೇಳಿದ್ದರೆ ವಿಮರ್ಶೆಯ ಗೋಜು ಬೇಕಿರಲಿಲ್ಲ. ಆದರೆ ಈಗ ಅದನ್ನು ಚರಿತ್ರೆಯೆಂದು ಹೇಳಲಾಗುತ್ತಿದೆ. ಮರಾಠಿ ನೆಲದಲ್ಲಿ ನೆಲೆಸಿರುವ ನಮ್ಮಂಥ ಕನ್ನಡಿಗರ ಮನೆಗಳಲ್ಲಿ ಮಕ್ಕಳು ಇದನ್ನೇ ಪಾಠದಂತೆ ಒಪ್ಪಿಸುತ್ತಾರೆ. ಇದನ್ನು ಒಪ್ಪಿದರೆ, ಕನ್ನಡಿಗರು ತಲೆತಲಾಂತರದಿಂದ ಹುಳಿಯೆಂದು ಕರೆದು ಉಂಡ ಅನ್ನದ ಜೊತೆಗಾರನು ಒಂದು ದಿನದ ಆಕಸ್ಮಿಕದ ಕೂಸು ಎಂದಾಗುತ್ತದೆ. ಹುಣಸೆಯು ಬೇರೊಂದರ ಬದಲಿಗೆ ಬಂದ ಪದಾರ್ಥವೆಂದಾಗುತ್ತದೆ. ಆದಕಾರಣ ಈ ಕಥೆಗಿರುವ ಆಧಾರವೇನೆಂದು ನೋಡುವುದು ಪ್ರಕೃತ ಲೇಖನದ ಉದ್ದೇಶ.

ಹೆಸರಿನಿಂದ ಹುಟ್ಟನ್ನು ಊಹಿಸುವುದು ಎಷ್ಟು ಅಪಾಯದ ಕೆಲಸವೆಂಬುದಕ್ಕೆ ಹುಣಸೆಯೇ ಒಳ್ಳೆಯ ಉದಾಹರಣೆ. ಅರಬ್ಬರು ಅದನ್ನು 'ತಮರ್ ಹಿಂದೀ', ಎಂದರೆ ಹಿಂದೂದೇಶದ ಖರ್ಜೂರ, ಎಂದು ಕರೆದರು. ಐರೋಪ್ಯ ಭಾಷೆಗಳ 'ಟ್ಯಾಮರಿಂಡ್' ಅದರಿಂದ ಬಂದದ್ದು. ೧೭೫೩ರಲ್ಲಿ ಲಿನೇಯಸ್ ಪಂಡಿತನು ಕೊಟ್ಟ 'ಟ್ಯಾಮರಿಂಡಸ್ ಇಂಡಿಕಾ' ಎಂಬ ಶಾಸ್ತ್ರೀಯ ನಾಮದಲ್ಲಿ ಭಾರತದ ಹೆಸರು ಎರಡು ಬಾರಿ ಸೇರಿಕೊಂಡಿದೆ. ಆದರೂ ಸಸ್ಯಶಾಸ್ತ್ರಜ್ಞರ ಮತದಂತೆ ಈ ಮರದ ಮೂಲನೆಲೆ ಉಷ್ಣವಲಯದ ಆಫ್ರಿಕ. ಹಾಗಾದರೆ ಹೆಸರು ಸುಳ್ಳಾಡಿತೆ? ಇಲ್ಲ. ಅದು ಹೇಳುತ್ತಿರುವುದು ಮರದ ಹುಟ್ಟನ್ನಲ್ಲ. ಅರಬ್ಬರಿಗೆ ಹಣ್ಣು ಯಾವ ದೇಶದಿಂದ ಸರಕಾಗಿ ಬರುತ್ತಿತ್ತೆಂಬುದನ್ನು. ಯಾವ ಹೆಸರು ಯಾವ ಸಂಗತಿಗೆ ಸಾಕ್ಷಿಯಾಗಬಲ್ಲುದೆಂಬುದನ್ನು ಮೊದಲು ವಿಚಾರಿಸಬೇಕು.

ನಮ್ಮ ದೇಶಭಾಷೆಗಳು ಈ ಮರವನ್ನು ಕರೆದಿರುವ ರೀತಿಯೂ ಗಮನಾರ್ಹವಾಗಿದೆ. ಸಂಸ್ಕೃತದಲ್ಲಿ ತಿಂತ್ರಿಣೀ, ಚಿಂಚಾ, ಅಮ್ಲಿಕಾ ಎಂಬ ಹೆಸರುಗಳಿವೆ. ಮರಾಠಿಯ ಚಿಂಚ, ತೆಲುಗಿನ ಚಿಂತ ಒಂದು ಕಡೆ ನಿಂತರೆ, ಹಿಂದಿಯ ಇಮ್ಲಿ ಇನ್ನೊಂದು ಕಡೆ ನಿಲ್ಲುತ್ತದೆ. ತಮಿಳು ಮಲಯಾಳಗಳಲ್ಲಿ 'ಪುಳಿ' ಎಂದರೆ ರುಚಿಯೂ ಹೌದು, ಹುಣಸೆಯೂ ಹೌದು. ಕನ್ನಡದಲ್ಲಿ ಆದಿಯ ಪಕಾರವು ಹಕಾರವಾಗಿ ಅದೇ ಶಬ್ದ 'ಹುಳಿ' ಎಂದಾಯಿತು. ಆದರೆ ಮರಕ್ಕೆ 'ಹುಣಸೆ' ಎಂಬ ಬೇರೆ ರೂಪ ನಿಂತಿತು. ಹೀಗೆ ಕನ್ನಡವು ವಸ್ತುವಿನಿಂದ ರುಚಿಯನ್ನು ಬೇರ್ಪಡಿಸಿ, ರುಚಿಯ ಹೆಸರನ್ನು ವ್ಯಂಜನಕ್ಕೆ ಕೊಟ್ಟಿತು. ಈ ಅಂಶವನ್ನು ಓದುಗರು ನೆನಪಿನಲ್ಲಿಡಬೇಕಾಗಿ ಕೋರುತ್ತೇನೆ. ಮುಂದೆ ಇದರ ಪ್ರಯೋಜನ ಬರುತ್ತದೆ.

ಇನ್ನು ಕಥೆಯ ಪರೀಕ್ಷೆ. ಮೊದಲು ಕಾಲವನ್ನು ನೋಡೋಣ. ಶಾಹುಜಿ ತಂಜಾವೂರನ್ನು ಆಳಿದ್ದು ೧೬೮೪ರಿಂದ ೧೭೧೨ರ ವರೆಗೆ. ಸಂಭಾಜಿ ೧೬೮೯ರ ಮೊದಲಲ್ಲಿ ಮೊಗಲರ ಕೈಗೆ ಸೆರೆಸಿಕ್ಕಿ ಮಾರ್ಚಿಯಲ್ಲಿ ವಧೆಗೊಂಡನು. ಆದುದರಿಂದ ಔತಣಕ್ಕೆ ದೊರೆಯುವ ಅವಕಾಶ ಐದು ವರ್ಷ ಮಾತ್ರ. ಆ ಐದು ವರ್ಷಗಳಲ್ಲಿ ಔರಂಗಜೇಬನೇ ದಕ್ಷಿಣಕ್ಕೆ ಬಂದು ಕುಳಿತಿದ್ದು, ಸಂಭಾಜಿಗೆ ಯುದ್ಧದಿಂದ ಬಿಡುವಿರಲಿಲ್ಲ. ಇಬ್ಬರೂ ದಾಯಾದಿಗಳೆಂಬುದು ನಿಜ: ಶಾಹುಜಿಯ ತಂದೆ ಏಕೋಜಿಯೂ ಸಂಭಾಜಿಯ ತಂದೆ ಶಿವಾಜಿಯೂ ಶಹಾಜಿಯ ಮಕ್ಕಳು, ತಾಯಂದಿರು ಬೇರೆ. ಆದರೆ ೧೬೭೭ರಲ್ಲಿ ಶಿವಾಜಿ ದಕ್ಷಿಣಕ್ಕೆ ದಂಡೆತ್ತಿ ಬಂದಾಗ ತಂದೆಯ ಆಸ್ತಿಯ ಪಾಲಿಗಾಗಿ ಈ ಅಣ್ಣತಮ್ಮಂದಿರ ನಡುವೆ ವ್ಯಾಜ್ಯವೂ ಕಾಳಗವೂ ನಡೆದಿದ್ದವು. ಅದಾಗಿ ಕೆಲವೇ ವರ್ಷಗಳಲ್ಲಿ ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತು ಹೊಸ ಅಡಿಗೆಯನ್ನು ಮೆಚ್ಚಿದರೆಂಬುದು ಅಸಾಧ್ಯವಲ್ಲದಿದ್ದರೂ, ಸುಮ್ಮನೆ ನಂಬಿಬಿಡುವಷ್ಟು ಸಹಜವೂ ಅಲ್ಲ. ಲೆಕ್ಕಪತ್ರದಲ್ಲಿ ವೋಚರಿಲ್ಲದ ರಕಮನ್ನು ಪರಿಶೋಧಕರು ಒಪ್ಪುವುದಿಲ್ಲ. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಯಾವ ಸಮಕಾಲೀನ ದಾಖಲೆಯನ್ನೂ ಮುಂದಿಡುವುದಿಲ್ಲ.

ಎರಡನೆಯದು ದೇಶದ ವಿಚಾರ. ಕಥೆ ನಿಂತಿರುವುದು ಭೋಸಲೆ ಮನೆತನದವರು ಮುರುಗಲಿನ ನಾಡಿನವರು, ಹುಣಸೆಯ ಬಳಕೆ ಅವರಿಗೆ ಹೊಸದು ಎಂಬ ಗ್ರಹಿಕೆಯ ಮೇಲೆ. ಮುರುಗಲು ಸಹ್ಯಾದ್ರಿಯ ಮತ್ತು ಅದರ ಪಡುವಣ ತಪ್ಪಲಿನ ಮರ. ಕೊಂಕಣದಿಂದ ಕನ್ನಡ ಜಿಲ್ಲೆಗಳವರೆಗಿನ ಕರಾವಳಿಯ ಅಡಿಗೆಗೆ ಅದು ಸಹಜ. ಘಟ್ಟದ ಮೇಲಿನ ಒಣನಾಡಿನಲ್ಲಿ ಆ ಸ್ಥಾನ ಹುಣಸೆಯದು. ದೇಶಸ್ಥ ಮಹಾರಾಷ್ಟ್ರದ ಮನೆಗಳಲ್ಲಿ ಚಿಂಚ ಬೆಲ್ಲಗಳ ಆಮಟಿ ಇಂದಿಗೂ ನಿತ್ಯದ ಅಡಿಗೆ. ಶಹಾಜಿಯ ಜಹಗೀರಿ ಇದ್ದದ್ದು ಪುಣೆಯಲ್ಲಿ. ಅದರ ಮಗ್ಗುಲಲ್ಲಿಯೇ, ಮೋರಯಾ ಗೋಸಾವಿಗಳ ಸಮಾಧಿಯಿಂದ ಪ್ರಸಿದ್ಧವಾದ ಚಿಂಚವಡವು ತನ್ನ ಹೆಸರಿನಲ್ಲಿಯೇ ಹುಣಸೆಯನ್ನು ಹೊತ್ತು ನಿಂತಿದೆ. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ತಂಜಾವೂರಿನ ಶಾಖೆಯವರು ಅಲ್ಲಿಗೆ ಹೋದದ್ದು ನೇರವಾಗಿ ಮಹಾರಾಷ್ಟ್ರದಿಂದಲ್ಲ, ಬೆಂಗಳೂರಿನಿಂದ. ೧೬೩೮ರಲ್ಲಿ ಬಿಜಾಪುರದ ಸೇನೆ ಬೆಂಗಳೂರನ್ನು ಹಿಡಿದ ಮೇಲೆ ಅದು ಶಹಾಜಿಯ ಜಹಗೀರಿಗೆ ಸೇರಿತು. ಏಕೋಜಿ ಬೆಳೆದದ್ದು ಇಲ್ಲಿ. ೧೬೭೫ರ ಸುಮಾರಿಗೆ ತಂಜಾವೂರನ್ನು ವಶಪಡಿಸಿಕೊಂಡದ್ದು ಇಲ್ಲಿಂದ ಹೊರಟು. ೧೬೬೪ರಲ್ಲಿ ಬೇಟೆಯಾಡುವಾಗ ಮಡಿದ ಶಹಾಜಿಯ ಸಮಾಧಿ ಇಂದಿಗೂ ಚನ್ನಗಿರಿ ಸೀಮೆಯ ಹೊದಿಗೆರೆಯಲ್ಲಿದೆ. ಊರ ಮುಂದೆ ಹುಣಸೆತೋಪಿಲ್ಲದ ಹಳ್ಳಿ ಅಪರೂಪವಾದ ಈ ಬಯಲುಸೀಮೆಯಲ್ಲಿ ಒಂದು ತಲೆಮಾರು ಬಾಳಿದ ಮನೆತನಕ್ಕೆ ಹುಣಸೆಯ ಪರಿಚಯ ತಂಜಾವೂರಿನಲ್ಲಿ ಆಯಿತೆನ್ನುವುದು ಒಪ್ಪತಕ್ಕ ಮಾತಲ್ಲ.

ಮೂರನೆಯದಾಗಿ, ತಂಜಾವೂರಿನ ಪೂರ್ವಚರಿತ್ರೆ. ೧೦೧೦ರಲ್ಲಿ ಪೂರ್ಣಗೊಂಡ ಅಲ್ಲಿಯ ಬೃಹದೀಶ್ವರ ದೇವಾಲಯದ ಗೋಡೆಗಳ ಮೇಲೆ ರಾಜರಾಜ ಚೋಳನ ಕಾಲದ ಶಾಸನಗಳಿವೆ. ನೈವೇದ್ಯದ ಸಾಮಗ್ರಿಗಳನ್ನು ಹೇಳುವ ಶಾಸನಗಳಲ್ಲಿ ಅಕ್ಕಿ, ಬೇಳೆ, ಮೆಣಸು, ಸಾಸಿವೆ, ಜೀರಿಗೆ, ತುಪ್ಪ, ಮೊಸರುಗಳೊಡನೆ ಹುಣಸೆಯೂ ಬರುತ್ತದೆ. ಇವೆಲ್ಲ ಒಂದೇ ಪಾತ್ರೆಯಲ್ಲಿ ಬೆಂದವೆಂದು ಶಾಸನ ಹೇಳುವುದಿಲ್ಲ; ಹಾಗೆಂದು ನಾವೂ ಹೇಳಕೂಡದು. ಆದರೆ ಶಾಹುಜಿಗೆ ಆರೂವರೆ ಶತಮಾನಗಳ ಹಿಂದೆಯೇ ಬೇಳೆಯೂ ಹುಣಸೆಯೂ ಒಗ್ಗರಣೆಯ ಪದಾರ್ಥಗಳೂ ಅದೇ ಊರಿನ ಒಂದೇ ಅಡಿಗೆಮನೆಯಲ್ಲಿದ್ದುವೆಂಬಷ್ಟು ನಿಶ್ಚಯ. ಅವುಗಳನ್ನು ಒಂದುಗೂಡಿಸಲು ಅಷ್ಟು ಕಾಲ ಯಾರಿಗೂ ತೋಚಲಿಲ್ಲವೆಂದು ನಂಬುವುದು ಕಷ್ಟ.

ನಾಲ್ಕನೆಯ ಸಾಕ್ಷ್ಯ ಕನ್ನಡದ್ದು. ಗೋವಿಂದವೈದ್ಯನ ಹೆಸರಿನಲ್ಲಿ ಪ್ರಸಿದ್ಧವಾದ 'ಕಂಠೀರವ ನರಸರಾಜ ವಿಜಯ'ವೆಂಬ ಸಾಂಗತ್ಯಕಾವ್ಯದ ಕಾಲ ೧೬೪೮. ಶ್ರೀರಂಗಪಟ್ಟಣದ ಅರಮನೆ, ಪೇಟೆ, ನವರಾತ್ರಿಯ ವೈಭವ ಮೊದಲಾದವನ್ನು ಕಣ್ಣಿಗೆ ಕಟ್ಟುವಂತೆ ವಿವರಿಸುವ ಈ ಕೃತಿಯಲ್ಲಿ ಬೇಳೆ ತರಕಾರಿಗಳು ಕೂಡಿದ ಹುಳಿಯ ಉಲ್ಲೇಖವಿದೆಯೆಂಬುದನ್ನು ಭಾರತೀಯ ಆಹಾರದ ಚರಿತ್ರಕಾರರಾದ ದಿವಂಗತ ಕೆ. ಟಿ. ಅಚ್ಚಯ್ಯನವರು ಎತ್ತಿ ತೋರಿಸಿದ್ದಾರೆ. ಶಾಹುಜಿ ಪಟ್ಟವೇರುವುದಕ್ಕೆ ಮೂವತ್ತಾರು ವರ್ಷ ಮೊದಲಿನ ಮಾತಿದು. ಇಲ್ಲೊಂದು ಸ್ವಾರಸ್ಯವೂ ಉಂಟು. ಈ ಕಾವ್ಯವು ವರ್ಣಿಸುವ ರಣದುಲ್ಲಾಖಾನನ ಮುತ್ತಿಗೆ ಯಾವ ಬಿಜಾಪುರದ ದಂಡಯಾತ್ರೆಗೆ ಸೇರಿದ್ದೋ, ಶಹಾಜಿಯನ್ನು ಬೆಂಗಳೂರಿಗೆ ತಂದದ್ದೂ ಅದೇ ದಂಡಯಾತ್ರೆ. ಭೋಸಲೆಯವರು ಕನ್ನಡ ನಾಡಿಗೆ ಬಂದಾಗ ಹುಳಿ ಇಲ್ಲಿ ಎಲೆಯ ಮೇಲೆ ಸಿದ್ಧವಾಗಿತ್ತು. ಪಾಕವನ್ನು ವಿದ್ಯೆಯೆಂದು ಗಣಿಸುವ ಪದ್ಧತಿಯೂ ನಮ್ಮಲ್ಲಿ ಹಳೆಯದು. ಹನ್ನೊಂದನೆಯ ಶತಮಾನದ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಸೂಪಶಾಸ್ತ್ರಕ್ಕೆ ಸ್ಥಾನವಿದೆ. ಹದಿನಾರನೆಯ ಶತಮಾನದಲ್ಲಿ ಮೂರನೆಯ ಮಂಗರಸನು ವಾರ್ಧಕ ಷಟ್ಪದಿಯಲ್ಲಿ ಅದಕ್ಕಾಗಿಯೇ ಒಂದು ಗ್ರಂಥವನ್ನು ರಚಿಸಿದನು. ಆ ಮಂಗರಸನ ಕಲ್ಲಹಳ್ಳಿ ಇರುವುದು, ಹುಣಸೆಯ ಹೆಸರನ್ನೇ ಧರಿಸಿರುವ ಹುಣಸೂರಿನ ಸೀಮೆಯಲ್ಲಿ.

ಕೊನೆಯದಾಗಿ ಶಬ್ದದ ವಿಚಾರ. 'ಸಂಭಾರ' ಎಂದರೆ ಸಂಸ್ಕೃತದಲ್ಲಿ ಒಂದು ಕಾರ್ಯಕ್ಕೆ ಕೂಡಿಸಿಟ್ಟ ಸಾಮಗ್ರಿ. ಅದರ ಮಹಾಪ್ರಾಣ ಸಡಿಲಿ ಕನ್ನಡದಲ್ಲಿ ಸಂಬಾರ, ಸಾಂಬಾರ ಎಂದಾಗಿ, ಅಡಿಗೆಗೆ ಕೂಡಿಸುವ ಮೆಣಸು, ಜೀರಿಗೆ, ಕೊತ್ತಂಬರಿ ಮುಂತಾದವುಗಳಿಗೆ ಹೆಸರಾಯಿತು. ನಮ್ಮ ಅಜ್ಜಿಯರ ಸಾಂಬಾರಬಟ್ಟಲು ಇದಕ್ಕೆ ಸಾಕ್ಷಿ. ಇಂದಿನ ಸರ್ಕಾರದ ಸಾಂಬಾರ ಮಂಡಳಿಯೂ ಸಾಕ್ಷಿ. ಮಲಯಾಳದಲ್ಲಿ 'ಸಂಭಾರಂ' ಎಂದರೆ ಶುಂಠಿ, ಮೆಣಸಿನಕಾಯಿ, ಕರಿಬೇವು ಹಾಕಿದ ನೀರುಮಜ್ಜಿಗೆ. ಅದರಲ್ಲಿ ಬೇಳೆಯೂ ಇಲ್ಲ, ಹುಣಸೆಯೂ ಇಲ್ಲ, ಸಂಭಾಜಿಯಂತೂ ಇಲ್ಲವೇ ಇಲ್ಲ. ಇರುವುದು ಸಂಬಾರ ಮಾತ್ರ. ವ್ಯಕ್ತಿನಾಮದ ಆಸರೆಯಿಲ್ಲದೆ ಶಬ್ದ ತಾನೇ ತನ್ನ ಅರ್ಥವನ್ನು ಹೇಳುತ್ತಿರುವಾಗ, 'ಸಂಭಾ' ಮತ್ತು 'ಆಹಾರ'ಗಳನ್ನು ಬೆಸೆದು ವ್ಯುತ್ಪತ್ತಿ ಹೇಳುವುದು ಅನಾವಶ್ಯಕ.

ಹಾಗಾದರೆ ಈ ಕಥೆಯಲ್ಲಿ ತಿರುಳೇ ಇಲ್ಲವೆ? ಇದೆಯೆಂದೇ ನನ್ನ ಅಭಿಪ್ರಾಯ. ಒಂದು ವ್ಯಂಜನದ ಸ್ವರೂಪ ಅದರ ಹುಳಿಯಿಂದ ನಿರ್ಣಯವಾಗುತ್ತದೆ, ಹುಳಿ ಬದಲಾದರೆ ವ್ಯಂಜನವೇ ಬೇರೆಯಾಗುತ್ತದೆ ಎಂಬ ತಿಳಿವಳಿಕೆ ಕಥೆ ಕಟ್ಟಿದವರಿಗಿತ್ತು. ಅದು ಅಡಿಗೆ ಬಲ್ಲವರ ತಿಳಿವಳಿಕೆ. ಕಥೆಯ ದೋಷವಿರುವುದು, ಹುಣಸೆಯನ್ನು ಮುರುಗಲಿನ ಅಭಾವವನ್ನು ತುಂಬಿದ ಬದಲಿಯೆಂದು ಎಣಿಸಿದ್ದರಲ್ಲಿ. ಒಲೆಯ ಮುಂದಿನ ಅನುಭವವೂ ಶಾಸ್ತ್ರವೂ ಇದಕ್ಕೆ ವಿರುದ್ಧವಾಗಿವೆ.

ನಿಂಬೆಯ ಹುಳಿಗೆ ಮುಖ್ಯ ಕಾರಣ ಸಿಟ್ರಿಕ್ ಆಮ್ಲ. ಮಜ್ಜಿಗೆಯದು ಲ್ಯಾಕ್ಟಿಕ್ ಆಮ್ಲ. ಮುರುಗಲಿನಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಹುಣಸೆಯಲ್ಲಿ ಪ್ರಧಾನವಾದದ್ದು ಟಾರ್ಟಾರಿಕ್ ಆಮ್ಲ. ಮಾವು ಹಣ್ಣಾಗುತ್ತ ಹುಳಿಯನ್ನು ಕಳೆದುಕೊಳ್ಳುತ್ತದೆ. ಹುಣಸೆ ಹಾಗಲ್ಲ: ಕಾಯಿ ಬಲಿತು ಹಣ್ಣಾದಂತೆ ಸಿಹಿ ಬಂದು ಸೇರುತ್ತದೆ, ಆದರೆ ಹುಳಿ ಬಿಟ್ಟುಹೋಗುವುದಿಲ್ಲ. ಹುಣಸೆಗೆ ಮುಪ್ಪಾದರೂ ಹುಳಿಗೆ ಮುಪ್ಪಿಲ್ಲವೆಂಬ ಗಾದೆಯನ್ನು ಮರಕ್ಕೆ ಹೇಳಿದಂತೆ ಹಣ್ಣಿಗೂ ಹೇಳಬಹುದು. ನಿಂಬೆಯ ರಸವನ್ನು ಪಾತ್ರೆ ಇಳಿಸಿದ ಮೇಲೆ ಹಿಂಡಬೇಕು. ಕುದಿಸಿದರೆ ಅದರ ಪರಿಮಳ ಹೋಗುತ್ತದೆ. ಮಜ್ಜಿಗೆಯನ್ನು ಹೆಚ್ಚು ಕುದಿಸಿದರೆ ಒಡೆಯುತ್ತದೆ; ಒಂದು ಕುದಿ ಬರುತ್ತಲೇ ಇಳಿಸಬೇಕು. ಹುಣಸೆಯ ರಸವನ್ನಾದರೋ ಕುದಿಸಿಯೇ ಹದಕ್ಕೆ ತರಬೇಕು. ಹಸಿಯ ವಾಸನೆ ಹೋಗುವವರೆಗೆ ಕುದಿದಾಗ ಅದು ಮೆಣಸಿನಕಾಯಿಯ ಖಾರವನ್ನೂ ಬೇಳೆಯ ಜಿಡ್ಡನ್ನೂ ಬೆಲ್ಲದ ತುಣುಕನ್ನೂ ಒಂದುಗೂಡಿಸುತ್ತದೆ. ನಿಧಾನವಾಗಿ ಬತ್ತಿಸಿದರೆ ಗೊಜ್ಜು. ಎಣ್ಣೆಯೊಡನೆ ಇನ್ನೂ ಗಟ್ಟಿಮಾಡಿದರೆ ಮೇಲುಕೋಟೆಗೆ ಹೆಸರು ತಂದ ಪುಳಿಯೋಗರೆಯ ಕಾಯಿರಸ. ತಿಳಿಯಾಗಿ ಬಿಟ್ಟರೆ ಸಾರು. ಬೇಳೆ ತರಕಾರಿಗಳೊಡನೆ ಹುಳಿ.

ಈ ಹುಳಿಯ ಕ್ರಮದಲ್ಲಿಯೂ ಹುಣಸೆಯ ಗುಣವೇ ನಿಯಮವನ್ನು ಹಾಕಿಕೊಟ್ಟಿದೆ. ಬೇಳೆ ಬೇಯುವ ಮೊದಲೇ ಹುಣಸೆಯ ರಸ ಬಿದ್ದರೆ ಬೇಳೆ ಮೆದುವಾಗದೆ ಕಾಳಾಗಿಯೇ ಉಳಿಯುತ್ತದೆ. ಆದ್ದರಿಂದ ಬೇಳೆ ಮೊದಲು, ರಸ ಆಮೇಲೆ. ಆ ಗುಣವನ್ನೇ ಇನ್ನೊಂದು ಕಡೆ ಉಪಕಾರಕ್ಕೆ ತಂದುಕೊಂಡಿದ್ದಾರೆ: ಹುಳಿನೀರಿನಲ್ಲಿ ಬೆಂದ ತರಕಾರಿಯ ಹೋಳು ಕರಗಿಹೋಗುವುದಿಲ್ಲ, ಬೆಂಡೆಯ ಲೋಳೆ ನಿಲ್ಲುವುದಿಲ್ಲ. ಹಿತ್ತಾಳೆಯ ಪಾತ್ರೆಗೆ ಕಲಾಯಿ ಇಲ್ಲದೆ ಹುಳಿಯನ್ನು ಇಡಕೂಡದೆಂಬ ಎಚ್ಚರವೂ ಇದರೊಡನೆ ಬಂದದ್ದು. ಇಷ್ಟು ನಿಯಮಗಳು, ಇಷ್ಟು ಪ್ರಭೇದಗಳು ಒಂದು ಮಧ್ಯಾಹ್ನದ ಅವಸರದಲ್ಲಿ ಹುಟ್ಟುವುದಿಲ್ಲ. ಹೆಸರು ಕೇಳದ ಎಷ್ಟೋ ತಲೆಮಾರುಗಳ ಹೆಂಗಸರೂ ಬಾಣಸಿಗರೂ ಕೆಡಿಸಿ, ತಿದ್ದಿ, ಮಗಳಿಗೋ ಸೊಸೆಗೋ ಶಿಷ್ಯನಿಗೋ ಹೇಳಿಕೊಟ್ಟು ನಿಲ್ಲಿಸಿದ ವಿದ್ಯೆ ಇದು. ದೊರೆಯ ಕಥೆ ಮರೆಸುವುದು ಇವರನ್ನು. ಅದನ್ನು ಕುರಿತು ನನಗಿರುವ ಮುಖ್ಯವಾದ ಆಕ್ಷೇಪಣೆಯೂ ಇದೇ.

ಮೇಲೆ ಹೇಳಿದ ಕನ್ನಡದ ವಿಶೇಷವನ್ನು ಈಗ ನೆನೆಯಬೇಕು. ನಮ್ಮಲ್ಲಿ ಹುಳಿಯೆಂಬುದು ಒಂದು ವಸ್ತುವಿಗೆ ಕಟ್ಟುಬಿದ್ದ ಹೆಸರಲ್ಲ. ಹುಣಸೆಯಿಂದಾದದ್ದು ಬರಿಯ ಹುಳಿ, ಮಜ್ಜಿಗೆಯಿಂದಾದದ್ದು ಮಜ್ಜಿಗೆಹುಳಿ, ಕಾಯಿ ಮಸಾಲೆ ರುಬ್ಬದೆ ಮಾಡಿದ್ದು ಬೋಳುಹುಳಿ. ಹಣ್ಣುಗಳ ಕಡೆಗೆ ನೋಡಿದರೆ ಮಲೆನಾಡಿನ ವಾಟೆಹುಳಿ, ದಾರೆಹುಳಿ, ತುಳುನಾಡಿನವರು ಮುರುಗಲಿಗೆ ಹೇಳುವ ಪುನರ್ಪುಳಿ, ಕೊಡಗಿನ ಕಾಚಂಪುಳಿ ಎಲ್ಲವೂ ಈ ಒಂದೇ ಶಬ್ದದ ಕೆಳಗೆ ಬರುತ್ತವೆ. ಕಥೆಯು ಯಾವ ಮುರುಗಲನ್ನು ಹುಣಸೆಗೆ ಎದುರಾಗಿ ನಿಲ್ಲಿಸಿತೋ, ಅದನ್ನು ನಮ್ಮ ನಾಡು ಹುಣಸೆಯ ನೆರೆಯಲ್ಲಿಯೇ ಕೂರಿಸಿಕೊಂಡಿದೆ. ಕರಾವಳಿಯವರು ಒಂದನ್ನು, ಬಯಲಿನವರು ಮತ್ತೊಂದನ್ನು, ಕೊಡಗಿನವರು ಇನ್ನೊಂದನ್ನು ಬಳಸಿದರೂ, ಅದು ಕೊರತೆಯಿಂದಲ್ಲ. ನೆಲಕ್ಕೆ ತಕ್ಕ ಆಯ್ಕೆಯಿಂದ.

ಆದರೆ ಈ ಶಬ್ದವೇ ಈಗ ನಮ್ಮ ನಾಲಗೆಯಿಂದ ಜಾರುತ್ತಿದೆ. ಮೈಸೂರು ಸೀಮೆಯ ಮನೆಗಳ ಹುಳಿಪುಡಿ ಅಂಗಡಿಯ ಪೊಟ್ಟಣದಲ್ಲಿ ಸಾಂಬಾರ್ ಪುಡಿಯಾಗಿದೆ. 'ಬಿಸಿಬೇಳೆಹುಳಿಯನ್ನ' ಎಂಬ ಸಮಾಸವನ್ನು ನೋಡಿರಿ: ಬಿಸಿಯಾಗಿ ಉಣ್ಣಬೇಕು, ಬೇಳೆ ಇರಬೇಕು, ಹುಳಿ ಹಾಕಬೇಕು, ಅನ್ನದೊಡನೆ ಬೇಯಬೇಕು ಎಂದು ಹೆಸರೇ ಪಾಕವನ್ನು ಹೇಳುತ್ತದೆ. ಈಗ ಅದು ಬಿಸಿಬೇಳೆಬಾತ್ ಆಗಿದೆ. ಅನ್ನಕ್ಕೆ ಬದಲಾಗಿ ಮರಾಠಿಯ ಭಾತ್ ಬಂದದ್ದು ದೊಡ್ಡ ನಷ್ಟವಲ್ಲ. ನೆರೆಭಾಷೆಯ ಶಬ್ದವನ್ನು ಬೇಡವೆನ್ನುವ ಭಾಷೆ ಬೆಳೆಯುವುದಿಲ್ಲ. ನಷ್ಟವಿರುವುದು ನಡುವಿನಿಂದ ಹುಳಿ ಬಿದ್ದುಹೋದದ್ದರಲ್ಲಿ. ಹೆಸರಿನಿಂದ ಹುಳಿ ಹೋದ ಮೇಲೆ ಪಾತ್ರೆಯಿಂದಲೂ ಅದು ತೆಳುವಾಗುತ್ತ ಬಂದಿರುವುದನ್ನು ಉಪಾಹಾರಗೃಹಗಳಲ್ಲಿ ಉಂಡವರು ಬಲ್ಲರು.

ಮುಂಬಯಿಯ ಕನ್ನಡಿಗರಿಗೆ ಈ ವಿಚಾರದಲ್ಲಿ ವಿಶೇಷ ಹೊಣೆಯಿದೆ. ಮಾಟುಂಗದಿಂದ ಹಿಡಿದು ನಗರದ ಮೂಲೆಮೂಲೆಗಳವರೆಗೆ ಇಡ್ಲಿಯ ಜೊತೆಗೆ ಸಾಂಬಾರನ್ನು ಮನೆಮಾತಾಗಿಸಿದವರಲ್ಲಿ ಉಡುಪಿಯ ಕಡೆಯ ನಮ್ಮವರು ಅಗ್ರಗಣ್ಯರು. ಗಿರಾಕಿಗೆ ತಿಳಿದ ಹೆಸರನ್ನು ಅವರು ಬಳಸಿದರು. ವ್ಯಾಪಾರಕ್ಕೆ ಅದು ಅಗತ್ಯ, ತಪ್ಪೇನೂ ಇಲ್ಲ. ಈ ನಗರಕ್ಕೂ ಹುಣಸೆ ಅಪರಿಚಿತವಲ್ಲ. ಫೋರ್ಟಿನ ಟ್ಯಾಮರಿಂಡ್ ಲೇನ್ 'ಸಂತ ಥಾಮಸರ' ಇಗರ್ಜಿಯ ಬಳಿಯಿದ್ದ ಹಳೆಯ ಹುಣಸೆಮರದ ನೆನಪು. ಒಂದು ಕಾಲಕ್ಕೆ ಮುಂಬಯಿ ದ್ವೀಪವನ್ನು ಗುತ್ತಿಗೆಗೆ ಪಡೆದಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ಟಾ, ೧೫೬೩ರಲ್ಲಿ ಗೋವೆಯಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಹುಣಸೆಗೆಂದೇ ಒಂದು ಸಂವಾದವನ್ನು ಮೀಸಲಿಟ್ಟನು. ಹೊರಗಿನಿಂದ ಬಂದವನು ಅಷ್ಟು ಆಸ್ಥೆಯಿಂದ ವಿಚಾರಿಸಿದ ಪದಾರ್ಥವನ್ನು ಕುರಿತು ಒಳಗಿನ ನಾವು ಕಟ್ಟುಕಥೆಯಿಂದ ತೃಪ್ತರಾಗುವುದು ಉಚಿತವಲ್ಲ.

ಸಾಂಬಾರೆಂಬ ಹೆಸರನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಸಂಬಾರವನ್ನು ಸೂಚಿಸುವ ಆ ಹೆಸರು ಸಾಧುವಾದದ್ದೇ, ನಮ್ಮದೇ. ಹುಳಿಯು ಕನ್ನಡಿಗರೊಬ್ಬರ ಸೊತ್ತೆಂದೂ ನನ್ನ ವಾದವಲ್ಲ. ತಮಿಳರೂ ತೆಲುಗರೂ ದೇಶಸ್ಥ ಮರಾಠಿಗರೂ ಹುಣಸೆಯ ನೆರಳಿನಲ್ಲಿ ಬೆಳೆಸಿದ ಪಾಕಗಳೆಲ್ಲ ಒಂದೇ ಕುಟುಂಬಕ್ಕೆ ಸೇರಿದುವು. ನನ್ನ ಪ್ರಾರ್ಥನೆ ಎರಡೇ. ಆಧಾರ ದೊರೆಯುವವರೆಗೆ ತಂಜಾವೂರಿನ ಔತಣವನ್ನು ಕಥೆಯೆಂದೇ ಹೇಳೋಣ, ಚರಿತ್ರೆಯೆಂದು ಹೇಳದಿರೋಣ. ಮನೆಯಲ್ಲಾದರೂ, ಎಲೆಯ ಮುಂದೆ ಕುಳಿತ ಮಕ್ಕಳನ್ನು "ಸ್ವಲ್ಪ ಹುಳಿ ಬಡಿಸಲೆ?" ಎಂದು ಕೇಳೋಣ. ಶಬ್ದ ಉಳಿಯುವುದು ನಿಘಂಟಿನಿಂದಲ್ಲ, ಇಂಥ ಬಳಕೆಯಿಂದ.